ಕೊಟ್ಟು ತರುವ ಸಂಬಂಧ

ಅಕ್ಕನಿಗೆ ಗಂಡು ಹುಡುಕಿಕೊಟ್ಟವನು ನಾನೇ. ಆಗ ನನಗೆ ಹದಿನೇಳು.

ಹಿಂದೂಪುರದ ನಮ್ಮ ಮನೆಯಲ್ಲಿ ಎರಡು ಮಗ್ಗ ಇದ್ದವು. ಅಪ್ಪ ತೀರಿಕೊಂಡ ಮೇಲೆ ಒಂದರಲ್ಲಿ ನಾನು ಕೂತೆ, ಇನ್ನೊಂದಕ್ಕೆ ಕಲ್ಯಾಣದುರ್ಗದಿಂದ ಒಬ್ಬ ಬಂದ. ನನಗಿಂತ ಐದು ವರ್ಷ ದೊಡ್ಡವನು, ನಮ್ಮದೇ ಜನ. ನನ್ನ ಮಗ್ಗದಲ್ಲಿ ಎಳೆ ಕಡಿದರೆ ಎದ್ದು ಬಂದು, ಪಕ್ಕದಲ್ಲಿ ಕೂತು ಗಂಟು ಹಾಕಿಕೊಡುತ್ತಿದ್ದ. ನಾನು ಬೇಕಂತಲೇ ಎಳೆ ಕಡಿಯುತ್ತಿದ್ದೆ. ನನಗೆ ಅವನ ಮೇಲಿದ್ದದ್ದು ಏನೆಂದು ನನಗೆ ಗೊತ್ತಿತ್ತು. ಅದಕ್ಕೆ ನಮ್ಮ ಬೀದಿಯಲ್ಲಿದ್ದ ಹೆಸರುಗಳೆಲ್ಲ ಬೈಗುಳ.

ಊರಲ್ಲಿ ಹೆಣ್ಣು ನೋಡುತ್ತಿದ್ದಾರೆ, ಹೋಗಬೇಕು ಎಂದು ಅವನು ಒಂದು ದಿನ ಹೇಳಿದ. ನಾನು ಅಮ್ಮನ ಹತ್ತಿರ ಹೋಗಿ, ಅಕ್ಕನಿಗೆ ಇವನನ್ನೇ ಕೇಳೋಣ ಎಂದೆ. ಅಳಿಯನಾದರೆ ಹಬ್ಬಕ್ಕಾದರೂ ಬರುತ್ತಾನಲ್ಲ ಎಂಬ ಆಸೆ. ಅಮ್ಮ ಕಣ್ಣೊರೆಸಿಕೊಂಡು, “ಮನೆಗೆ ಯಜಮಾನ ಆಗ್ಬುಟ್ಟೆ ಕಣಪ್ಪ” ಎಂದಳು. ಅಕ್ಕನನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮದುವೆಯಲ್ಲಿ ಬಾಮೈದನಾಗಿ ಅವನ ಕಾಲು ತೊಳೆದೆ. ಅಕ್ಕನನ್ನು ಕರೆದುಕೊಂಡು ಕಲ್ಯಾಣದುರ್ಗಕ್ಕೆ ಹೋದವನು ಹಬ್ಬಕ್ಕೆ ಬಂದ, ನಿಜ. ಕುರ್ಚಿಯಲ್ಲಿ ಕೂತು, “ಚೆನ್ನಾಗಿದ್ದೀಯೇನೋ?” ಎಂದು ಕೇಳಿ, ಪೇಪರ್ ಓದಿದ. ಮಗ್ಗದ ಕಡೆ ತಿರುಗಿಯೂ ನೋಡಲಿಲ್ಲ.

ಎರಡು ವರ್ಷದ ಮೇಲೆ ಅಕ್ಕ ಹೆರಿಗೆಗೆ ಬಂದಳು. ಮಗು ನೋಡಲು ಬಂದ ಅವಳ ಅತ್ತೆ, ತಮ್ಮ ಮಗಳನ್ನು ನನಗೆ ಕೊಡುತ್ತೇನೆ ಎಂದರು. ಹೆಣ್ಣು ಕೊಟ್ಟು ಹೆಣ್ಣು ತರುವುದು ನಮ್ಮಲ್ಲಿ ಹೊಸದಲ್ಲ. ಅಮ್ಮ ಆಗಲೇ ತಲೆಯಾಡಿಸಿದ್ದಳು. ನಾನು ಒಲ್ಲೆ ಎಂದೆ. ಯಾಕೆ ಎಂದು ಕೇಳಿದರೆ ಎದ್ದು ಹೋಗಿ ಮಗ್ಗದಲ್ಲಿ ಕೂತೆ.

ಆ ಸಿಟ್ಟಿಗೆ ಅತ್ತೆಮನೆಯವರು ಅಕ್ಕನನ್ನು ಕರೆದೊಯ್ಯಲು ಬರಲೇ ಇಲ್ಲ. ನಾಲ್ಕು ತಿಂಗಳು ಮಗು ಎತ್ತಿಕೊಂಡು ಅವಳು ನಮ್ಮ ಬಾಗಿಲಲ್ಲೇ ಕೂತಳು. “ಒಂದ್ ಹುಡುಗೀನ ಒಪ್ಪಕ್ಕೆ ನಿಂಗೇನ್ಲಾ ಕಷ್ಟ? ನನ್ ಬಾಳು ಹಾಳಾದ್ರೂ ಆಯ್ತಾ?”

ಕೊನೆಗೆ ಅವನೇ ಬಂದ. ನನ್ನನ್ನು ಹಿತ್ತಲಿಗೆ ಕರೆದ.

“ನಿಜ ಹೇಳ್ಲಾ. ನನ್ ತಂಗಿ ಕಪ್ಪು ಅಂತಾನಾ?”

ಅವನ ಮುಖ ನೋಡಿದೆ. ಅವನಿಗೆ ನಿಜವಾಗಿಯೂ ಏನೂ ಗೊತ್ತಿರಲಿಲ್ಲ. ಅಷ್ಟು ದಿನ ಪಕ್ಕದಲ್ಲಿ ಕೂತವನಿಗೆ ಏನೂ ಗೊತ್ತಾಗಿರಲಿಲ್ಲ.

“ಹೂಂ, ಬಾವ” ಎಂದೆ.

ಅವನು ಹೊಡೆಯಲಿಲ್ಲ. ಹೆಂಡತಿ ಮಗುವನ್ನು ಕರೆದುಕೊಂಡು ಅವತ್ತೇ ಬಸ್ಸು ಹತ್ತಿದ. ಆಮೇಲೆ ಮೂರು ವರ್ಷ ಅಕ್ಕನನ್ನು ತವರಿಗೆ ಕಳಿಸಲಿಲ್ಲ.

ಮನಸ್ತಾಪ ಆರಿದ ಮೇಲೆ ಒಮ್ಮೆ ಕಲ್ಯಾಣದುರ್ಗಕ್ಕೆ ಹೋಗಿದ್ದೆ. ಆ ಹುಡುಗಿಗೆ ಇನ್ನೂ ಮದುವೆಯಾಗಿರಲಿಲ್ಲ. ನನ್ನ ಮುಂದೆ ನೀರಿನ ಲೋಟ ಇಟ್ಟು ಒಳಗೆ ಹೋದಳು. ಮುಖಕ್ಕೆ, ಕತ್ತಿಗೆ, ಕೈಗಳಿಗೂ ಪೌಡರ್ ಬಳಿದುಕೊಂಡಿದ್ದಳು.