ಸ್ಟಾರ್ ನುಂಗಿದ ಕಾಗದಗಳು

ಮೊನ್ನೆ ಕಂಪ್ಯೂಟರಿನಲ್ಲಿ ಬೇಡದ ಫೈಲುಗಳನ್ನು ಅಳಿಸಲು ಕೂತಿದ್ದೆ. ಸ್ಟಾರ್ ಗುರುತು ಒತ್ತಿದ ಬೆರಳು ಎಂಟರ್ ಮೇಲೆ ಇಳಿಯಲೊಲ್ಲದು. ನಗಬೇಡಿ, ಇದಕ್ಕೊಂದು ಹಳೆಯ ಕಾರಣವಿದೆ.

ತೊಂಬತ್ತರ ದಶಕದ ಕೊನೆಯಲ್ಲಿ ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿಯಿತ್ತು. ಮುಂದೆ ಕಂಪ್ಯೂಟರ್, ಹಿಂದೆ ಚಾಪೆ, ಸೀಮೆಎಣ್ಣೆ ಸ್ಟೌವ್, ನಡುವೆ ನಾನೊಬ್ಬನೇ. ಬಸ್ಸಿಗೆ ಕಾಯುವವರು ಅರ್ಜಿ ಟೈಪು ಮಾಡಿಸಿಕೊಂಡು ಓಡುತ್ತಿದ್ದರು. ಕೂತು ಮಾತಾಡುತ್ತಿದ್ದವಳು ಕಾಡಂಚಿನ ಹಾಡಿಯ ದೇವಮ್ಮ ಮಾತ್ರ. ಪ್ರತಿ ಸೋಮವಾರ ಬಂದು, ಕುಟ್ಟ ಎಂಬ ಊರಿನ ಕಾಫಿ ತೋಟದಲ್ಲಿ ದುಡಿಯುತ್ತಿದ್ದ ತಂಗಿಗೆ ಕಾಗದ ಬರೆಸುವಳು. ಹೊಸದು ಶುರುವಾಗುವ ಮೊದಲು ಹಿಂದಿನದನ್ನು ನಾನು ಗಟ್ಟಿಯಾಗಿ ಓದಬೇಕು.

"ಯೇಳಿದ್ದೇ ಯೇಳುದ್ರೆ ಅವ್ಳಿಗೆ ಬ್ಯಾಸ್ರ ಆಯ್ತದೆ ಕಣಪ್ಪ. ಅಳೇದು ಓದು ಮೊದ್ಲು."

ಅದಕ್ಕೆಂದೇ ಕಾಗದಗಳನ್ನೆಲ್ಲ ಕಂಪ್ಯೂಟರಿನಲ್ಲಿ ಉಳಿಸಿದ್ದೆ. ನಿಜ ಹೇಳಬೇಕೆಂದರೆ, ಸೋಮವಾರಕ್ಕಾಗಿ ನಾನೇ ಕಾಯುತ್ತಿದ್ದೆ.

ಜಾಗ ಕಡಿಮೆಯಿದ್ದ ಯಂತ್ರ ಅದು. ಹಳೆಯ ಅರ್ಜಿಗಳನ್ನು ವಾರಕ್ಕೊಮ್ಮೆ ಒಟ್ಟಿಗೇ ಅಳಿಸಲು ನಾಲ್ಕು ಸಾಲಿನ ಆಜ್ಞೆಯೊಂದನ್ನು ಬರೆದೆ. ಅರ್ಜಿಗಳ ಹೆಸರು ಇಂಗ್ಲಿಷಿನ 'ಎ', ಅದರ ಮುಂದೆ ಎರಡು ಅಂಕಿ. ದೇವಮ್ಮನವು 'ಅಕ್ಕ', ಮುಂದೆ ಅಂಕಿ. ಇಂಗ್ಲಿಷಿನಲ್ಲಿ ಅದೂ 'ಎ'ಯಿಂದಲೇ ಶುರು. ಎರಡು ದಾರಿಗಳಿದ್ದವು. 'ಎ' ಮುಂದೆ, ಅಂಕಿಗೊಂದರಂತೆ, ಎರಡು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಅರ್ಜಿಗಳಷ್ಟೇ ಹೋಗುತ್ತವೆ. ಸ್ಟಾರ್ ಹಾಕಿದರೆ 'ಎ' ಮುಂದೆ ಏನೇ ಇರಲಿ, ಎಷ್ಟೇ ಇರಲಿ, ಎಲ್ಲವೂ ಹೋಗುತ್ತವೆ. ನಾನು ಸ್ಟಾರ್ ಹಾಕಿದೆ. ಎರಡು ಸಲ ಒತ್ತುವ ಕಡೆ ಒಂದೇ ಸಲ ಒತ್ತಿ ಮುಗಿಸಿದ ಜಾಣನೆಂದು ಒಳಗೊಳಗೇ ಬೀಗಿದ್ದೂ ಉಂಟು.

ಮುಂದಿನ ಸೋಮವಾರ ದೇವಮ್ಮ ಸ್ಟೂಲು ಬಿಟ್ಟು ನೆಲದ ಮೇಲೆ ಕೂತಳು.

"ತಂಗಿ ಓಗ್ಬುಟ್ಳು ಕಣಪ್ಪ. ಅವ್ಳ ಸಾಮಾನ್ನೆಲ್ಲ ತೋಟದ ಲೈನ್‌ಮನೆ ತಾವೇ ಸುಟ್ಟಾಕವ್ರೆ, ನನ್ ಕಾಗ್ದನೂವೆ. ನಿನ್ ತಾವ್ ಅವೆಯಲ್ಲ, ಎಲ್ಲಾನೂ ಓದು. ಅವ್ಳಿಗೆ ಏನೇನ್ ಯೇಳಿದ್ನೋ ಕೇಳ್ತೀನಿ."

ಹುಡುಕಿದೆ. ಒಂದೂ ಇರಲಿಲ್ಲ. ಹೇಳುವ ಧೈರ್ಯ ಸಾಲದೆ, ಖಾಲಿ ಪರದೆ ನೋಡುತ್ತ ಓದತೊಡಗಿದೆ. ಆಡು ಈದದ್ದು, ಆನೆ ರಾಗಿ ತುಳಿದದ್ದು ನೆನಪಿನಲ್ಲಿದ್ದವು. ನೆನಪು ಮುಗಿದ ಮೇಲೆ ನಾನೇ ಕಟ್ಟಿದೆ: 'ಇಲ್ಲಿ ನನಗೆ ಯಾರೂ ಇಲ್ಲ ಕಣವ್ವ. ಒಂದು ಸಲ ಬಂದು ಹೋಗು.'

ದೇವಮ್ಮ ತಲೆಯೆತ್ತಿದಳು.

"ಅವ್ಳು ನೊಂದ್ಕತಾಳೆ ಅಂತ ಅಂಗೆ ನಾ ಯಾವತ್ತೂ ಯೇಳಿಲ್ಲ. ಅದು ನಿನ್ ಮಾತು ಕಣಪ್ಪ."

"ಎಲ್ಲ ಅಳಿಸಿಹೋದವು ಅವ್ವ, ನಾನೇ ಅಳಿಸಿದೆ" ಎಂದೆ. ಆಕೆ ಬಯ್ಯಲಿಲ್ಲ. ನನ್ನ ಮುಖ ನೋಡಿ, "ನಿಂಗೆ ಒಡುಟ್ಟಿದೋರು ಯಾರೂ ಇಲ್ವಾ?" ಎಂದಳು.

ಪಿರಿಯಾಪಟ್ಟಣದಲ್ಲಿ ನನಗೂ ಒಬ್ಬ ತಂಗಿಯಿದ್ದಳು. ಒಂದು ಮಾತಿಗೆ ಮುನಿದು, ಅವಳಿಗೆ ಒಂದು ಸಾಲೂ ಬರೆಯದೆ ವರ್ಷಗಳಾಗಿದ್ದವು. ನಾಚಿಕೆಯಿಂದ "ಇಲ್ಲ" ಎಂದುಬಿಟ್ಟೆ. ದೇವಮ್ಮ ಮತ್ತೆ ಬರಲಿಲ್ಲ. ಕಾಗದ ಬರೆಸಲು ಆಕೆಗೆ ಇನ್ನು ಯಾರಿದ್ದರು?

ಮೊನ್ನೆ ಸ್ಟಾರ್ ತೆಗೆದುಹಾಕಿ, ಹೆಸರುಗಳ ಪಟ್ಟಿ ತರಿಸಿ, ಒಂದೊಂದೇ ನೋಡುತ್ತ ಹೋದೆ. ಊರವರ ಅರ್ಜಿ, ಯಾರ್ಯಾರದೋ ಮದುವೆಯ ಕರೆಯೋಲೆ. ಇಷ್ಟು ವರ್ಷ ಟೈಪು ಮಾಡಿದ್ದರಲ್ಲಿ ನನ್ನವರಿಗೆ ನಾನು ಬರೆದದ್ದು ಒಂದೂ ಇರಲಿಲ್ಲ. ಹೊಸ ಫೈಲು ತೆರೆದೆ. 'ತಂಗೀ, ಇಲ್ಲಿ ನನಗೆ ಯಾರೂ ಇಲ್ಲ' ಎಂದು ಬರೆದೆ. ಅಳಿಸಲಿಲ್ಲ.