ಕಾರು ಏಳದ ಶನಿವಾರ

ನನ್ನ ಗಂಡ ಬಬಲೇಶ್ವರದ ಒಂದು ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದರು. ದಿನಾ ಹೋಗಿಬರಲೆಂದೇ ಕರೆಂಟಿನ ಕಾರು ಕೊಂಡಿದ್ದರು. ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಬ್ಯಾಂಕಿನಲ್ಲಿ ಕುರ್ಚಿಯ ಮೇಲೆ ಕುಳಿತಿದ್ದಾಗಲೇ ಅವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. ಉಳಿದದ್ದು ಒಂದೇ ಶಬ್ದ, ‘ಇರ್ಲಿ’. ನೀರು ಬೇಕೇ ಎಂದರೂ ಇರ್ಲಿ, ನೋವಿದೆಯೇ ಎಂದರೂ ಇರ್ಲಿ. ತಾವು ಹೇಳಬೇಕೆಂದುಕೊಂಡದ್ದು ಅದಲ್ಲ ಎಂಬುದು ಅವರಿಗೆ ತಿಳಿಯುತ್ತಿತ್ತು. ಅಂದ ಕೂಡಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅದನ್ನು ನೋಡುವುದೇ ನನಗೆ ಕಷ್ಟವಾಗುತ್ತಿತ್ತು.

ಬ್ಯಾಂಕಿನವರೊಬ್ಬರು ಕಾರನ್ನು ತಂದು ಅಥಣಿ ರಸ್ತೆಯ ನಮ್ಮ ಮನೆಯ ಮುಂದೆ ನಿಲ್ಲಿಸಿ ಹೋದರು. ಆಮೇಲೆ ತಿಂಗಳುಗಟ್ಟಲೆ ಅದನ್ನು ಯಾರೂ ಮುಟ್ಟಲಿಲ್ಲ. ನಾನು ಪಾಠ ಮಾಡುವ ಸಾಲೆಗೆ ಆಟೋದಲ್ಲಿ ಹೋಗುತ್ತಿದ್ದೆ. ಆಸ್ಪತ್ರೆಗೂ ಆಟೋದಲ್ಲೇ.

ಮಾತು ಕಲಿಸಲು ಮನೆಗೆ ಬರುತ್ತಿದ್ದ ಹೆಣ್ಣುಮಗಳು ಒಮ್ಮೆ ಹೇಳಿದಳು, “ಸರಿಗೆ ರೂಢಿ ಇದ್ದ ಜಾಗಕ್ಕ ಕರ್ಕೊಂಡು ಹೋಗ್ರಿ ಮೇಡಂ. ಹಳೇ ಮಂದಿ ಕಂಡ್ರ ಒಂದೆರಡು ಮಾತು ಬಂದ್ರೂ ಬರಬಹುದು.”

ಬಂದರೂ ಬರಬಹುದು ಅಂದದ್ದನ್ನು ನಾನು ಬಂದೇ ಬರುತ್ತದೆ ಎಂದು ಕೇಳಿಸಿಕೊಂಡೆ. ಶನಿವಾರ ಬರುತ್ತೇವೆಂದು ಬ್ಯಾಂಕಿಗೆ ಫೋನ್ ಮಾಡಿದೆ.

ಶನಿವಾರ ಮುಂಜಾನೆ ಅವರಿಗೆ ದಾಡಿ ಮಾಡಿಸಿ, ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ಗಾಲಿಕುರ್ಚಿಯಲ್ಲಿ ಹೊರಗೆ ತಂದೆ. ಕೀಲಿಯ ಗುಂಡಿ ಒತ್ತಿದೆ. ಕಾರು ಸಪ್ಪಳವನ್ನೇ ಮಾಡಲಿಲ್ಲ. ಚಾರ್ಜಿಂಗ್ ವಾಯರ್ ಹಚ್ಚಿ ನೋಡಿದೆ, ಒಂದು ದೀಪವೂ ಹತ್ತಲಿಲ್ಲ. ಅವರು ಎಡಗೈ ಎತ್ತಿ ಕಾರಿನ ಬಾನೆಟ್ ಕಡೆ ತೋರಿಸತೊಡಗಿದರು.

“ಏನ್ರಿ? ಅಲ್ಲೇನೈತಿ?”

“ಇರ್ಲಿ… ಇರ್ಲಿ!” ಎಂದು ಕುರ್ಚಿಯ ಹಿಡಿಕೆಯನ್ನು ಬಡಿದರು. ನನಗೆ ತಿಳಿಯಲಿಲ್ಲ. ಶೋರೂಮಿಗೆ ಫೋನ್ ಮಾಡಿದ ಮೇಲೆ ತಿಳಿಯಿತು. ಗಾಡಿ ಎಳೆಯುವ ದೊಡ್ಡ ಬ್ಯಾಟರಿಯಲ್ಲದೆ ಮುಂದೆ ಬಾನೆಟ್ಟಿನ ಕೆಳಗೆ ಇನ್ನೊಂದು ಸಣ್ಣದಿರುತ್ತದಂತೆ. ಬಾಗಿಲು ತೆರೆಯುವುದು, ದೊಡ್ಡದನ್ನು ಎಬ್ಬಿಸುವುದು ಎಲ್ಲ ಅದರ ಕೆಲಸ. ಅದು ಇಳಿದರೆ ದೊಡ್ಡದು ತುಂಬಿದ್ದರೂ ಉಪಯೋಗವಿಲ್ಲ. ಅವರು ತೋರಿಸಿದ್ದು ಅದನ್ನೇ.

ಬಿಜ್ಜರಗಿಯಿಂದ ನನ್ನ ತಮ್ಮ ತಿಕೋಟಾ ದಾಟಿ ಬಂದ. ಟ್ರ್ಯಾಕ್ಟರ್ ಬ್ಯಾಟರಿಗೆ ಹಚ್ಚುವ ಚಾರ್ಜರನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದಿದ್ದ. ಶೋರೂಮಿನವರು ಹೇಳಿದಂತೆ ಕೀಲಿಯೊಳಗೆ ಅಡಗಿದ್ದ ಕಬ್ಬಿಣದ ಕೀಲಿ ತೆಗೆದು ಬಾಗಿಲು ತೆರೆದೆವು, ಬಾನೆಟ್ ಎತ್ತಿದೆವು. ವೋಲ್ಟ್ ನೋಡುವ ಮೀಟರ್ ಗಂಡನ ಕಪಾಟಿನಲ್ಲೇ ಇತ್ತು. ಹತ್ತರ ಮೇಲೆ ಸ್ವಲ್ಪ ತೋರಿಸಿತು.

“ಹನ್ನೆರಡೂವರಿ ಇರಬೇಕಕ್ಕಾ. ಪೂರಾ ಕುಂತೈತಿ ಇದು.”

ಚಾರ್ಜರಿನ ಕೆಂಪು ಕ್ಲಿಪ್ಪನ್ನು ಪ್ಲಸ್ಸಿಗೆ, ಕಪ್ಪು ಕ್ಲಿಪ್ಪನ್ನು ಮೈನಸ್ಸಿಗೆ ಸಿಕ್ಕಿಸಿ ಆಮೇಲೆ ಸ್ವಿಚ್ ಹಾಕಿದ. ನನ್ನ ಗಂಡ ಒಳಗೆ ಬರಲು ಒಪ್ಪಲಿಲ್ಲ. ಊಟವನ್ನೂ ಅಲ್ಲೇ ಮಾಡಿಸಿದೆ. ತಮ್ಮ ಆಗಾಗ ಚಾರ್ಜರ್ ಬಿಡಿಸಿ, ತುಸು ಬಿಟ್ಟು, ಮೀಟರ್ ಹಿಡಿದು ಅವರಿಗೆ ಕೂಗಿ ಹೇಳುತ್ತಿದ್ದ.

“ಮಾಮಾ, ಹನ್ನೆರಡು ದಾಟಿತು ನೋಡ್ರಿ!”

ಅವರು ಎಡಗೈಯ ಹೆಬ್ಬೆರಳು ಎತ್ತಿದರು. ಅಷ್ಟು ತಿಂಗಳಲ್ಲಿ ಅವರ ಮುಖದಲ್ಲಿ ನಗೆಯಂಥದ್ದು ಕಂಡದ್ದು ಆಗಲೇ. ನಾನು ಅಡಿಗೆಮನೆಗೆ ಹೋಗಿ ಅತ್ತು ಬಂದೆ. ಇನ್ನೇನು, ಇವರು ಮಾತಾಡುತ್ತಾರೆ ಅನ್ನಿಸಿಬಿಟ್ಟಿತ್ತು.

ಸಂಜೆಯಾಗುವ ಮೊದಲೇ ಕಾರಿನ ಸ್ಕ್ರೀನ್ ಹತ್ತಿತು. ತಮ್ಮನೇ ಕಾರು ನಡೆಸಿದ. ನಾನು ಹಿಂದೆ, ಅವರು ಮುಂದೆ. ಬಬಲೇಶ್ವರದ ದಾರಿಯನ್ನು ಅವರು ರೆಪ್ಪೆ ಬಡಿಯದೆ ನೋಡುತ್ತಿದ್ದರು.

ಬ್ಯಾಂಕು ಮುಚ್ಚುವ ಹೊತ್ತಾಗಿತ್ತು. ನಮಗಾಗಿ ಕಾದಿದ್ದವರೆಲ್ಲ ಹೊರಗೆ ಬಂದು ಕಾರಿನ ಸುತ್ತ ನಿಂತರು. ಕ್ಯಾಶಿಯರ್ ಕಿಟಕಿಗೆ ಬಗ್ಗಿ ಕೇಳಿದ, “ಸರ್, ಆರಾಮ ಅದೀರಿ?”

ಅವರು ಬಾಯಿ ತೆರೆದರು. ಕುತ್ತಿಗೆಯ ನರ ಉಬ್ಬಿತು. ನಾನು ಹಿಂದಿನಿಂದ ಸೀಟನ್ನು ಹಿಡಿದುಕೊಂಡು ಕುಳಿತಿದ್ದೆ.

“ಇರ್ಲಿ.”

ಕ್ಯಾಶಿಯರ್ ಸಂಕೋಚದ ಮಾತೆಂದು ತಿಳಿದು ನಕ್ಕ. “ಇರ್ಲಿ ಅಂದ್ರ ಹ್ಯಾಂಗ್ರಿ ಸರ್? ಒಳಗ ಬರ್ರಿ, ಚಾ ಕುಡದು ಹೋಗೀರಂತ.”

“ಇರ್ಲಿ. ಇರ್ಲಿ.”

ಆಗ ಎಲ್ಲರಿಗೂ ತಿಳಿಯಿತು. ಯಾರೋ ಸರಿದು ನಿಂತರು, ಯಾರೋ ಕೆಳಗೆ ನೋಡಿದರು. ನನ್ನ ಗಂಡ ಎಡಗೈಯಿಂದ ತಡಕಾಡಿ ಬಾಗಿಲಿನ ಗುಂಡಿ ಒತ್ತಿದರು. ಅವರ ಕೈಕೆಳಗೆ ಕೆಲಸ ಮಾಡಿದವರ ಮುಂದೆ ಗಾಜು ನಿಧಾನವಾಗಿ ಮೇಲೇರಿತು. ಗಾಜಿನಾಚೆ ಅವರು ಅಳುವುದು ಹೊರಗಿದ್ದವರಿಗೆಲ್ಲ ಕಾಣುತ್ತಿತ್ತು.

“ಮತ್ತೊಮ್ಮೆ ಬರೂಣು ಮಾಮಾ,” ಎಂದ ತಮ್ಮ, ಮನೆಗೆ ಮರಳುವಾಗ. ಅಂದಿನಿಂದ ಅವರು ಆ ಒಂದು ಶಬ್ದವನ್ನೂ ಬಿಟ್ಟರು. ಮಾತು ಕಲಿಸುವಾಕೆ ಎರಡು ಸಲ ಬಂದು ನೋಡಿ, “ಸ್ವಲ್ಪ ದಿನ ಬಿಡೋಣ್ರಿ ಮೇಡಂ,” ಎಂದಳು. ಮತ್ತೆ ಬರಲಿಲ್ಲ. ನಾನೂ ಕರೆಯಲಿಲ್ಲ.

ಆ ಶನಿವಾರದ ಮರುದಿನ ನೋಡಿದರೆ ಕಾರು ಮತ್ತೆ ಸುಮ್ಮನಾಗಿತ್ತು. ಮೀಟರ್ ಮತ್ತೆ ಕೆಳಗಿಳಿದಿತ್ತು. ಇಬ್ರಾಹಿಂಪುರದಿಂದ ಬ್ಯಾಟರಿಯವನನ್ನು ಕರೆಸಿದೆ.

“ಇದು ಚಾರ್ಜ್ ಹಿಡ್ಯಂಗಿಲ್ರಿ ಬಾಯಾರ. ಭಾಳ ದಿನ ಖಾಲಿ ಬಿಟ್ಟೀರಿ,” ಎಂದ. ಅವನು ಬ್ಯಾಟರಿಯ ಮಾತನ್ನೇ ಆಡಿದ್ದ. ನಾನು ಮಾತ್ರ ಒಳಗೆ ಬಂದು ಬಹಳ ಹೊತ್ತು ಗೋಡೆಗೆ ಒರಗಿ ಕುಳಿತೆ. ಆಸ್ಪತ್ರೆಯಿಂದ ಬಂದ ಹೊಸತರಲ್ಲೇ ಇವರನ್ನು ಹೊರಗೆ ಕರೆದೊಯ್ದಿದ್ದರೆ?

ಹೊಸ ಬ್ಯಾಟರಿ ಕೂಡಿಸಿದೆವು. ವಾರಕ್ಕೊಮ್ಮೆ ಚಾಲು ಮಾಡಿ ಬಿಡಬೇಕೆಂದು ತಮ್ಮ ಹೇಳಿದ್ದಾನೆ. ರವಿವಾರ ನಾನು ಕಾರಿನಲ್ಲಿ ಒಬ್ಬಳೇ ಕುಳಿತು ಚಾಲು ಮಾಡುತ್ತೇನೆ. ಹಿಂದಿನ ಗಲ್ಲಿಗೂ ಒಯ್ಯುವುದಿಲ್ಲ. ಇಳಿದು ಬಾನೆಟ್ ಎತ್ತಿ ಮೀಟರ್ ಹಿಡಿಯುತ್ತೇನೆ. ಮೊದಮೊದಲು ಅಂಕಿಯನ್ನು ಅವರ ಕೋಣೆಯ ಕಿಟಕಿಯ ಕಡೆಗೆ ಕೂಗಿ ಹೇಳುತ್ತಿದ್ದೆ. ಅವರು ಗೋಡೆಯ ಕಡೆ ಹೊರಳಿ ಮಲಗುತ್ತಿದ್ದರು. ಈಗ ಬರೀ ನೋಡುತ್ತೇನೆ, ಸರಿಯಾಗಿಯೇ ಇರುತ್ತದೆ, ಬಾನೆಟ್ ಮುಚ್ಚಿ ಒಳಗೆ ಹೋಗುತ್ತೇನೆ.