ಟಿ.ವಿ. ಮುಂದೆ ಕವಣೆ ಬೀಸಿದವಳು

ಬೀಗರು ಅಕ್ಕನನ್ನು ನೋಡಿ ನಕ್ಕಾಗ ನಾನು ಅವಳ ಪರವಾಗಿ ಒಂದು ಮಾತೂ ಆಡಲಿಲ್ಲ.

ಅದಿರಿನ ಲಾರಿಗಳಿಂದ ನಮ್ಮ ಬಳ್ಳಾರಿ ಮನೆಗೂ ದುಡ್ಡು ಬಂದ ಕಾಲ. ಮಗ ಒಂದು ವಿಡಿಯೋ ಗೇಮ್ ತಂದಿದ್ದ. ರಿಮೋಟು ಹಿಡಿದು ಕೈ ಬೀಸಿದರೆ ಟಿ.ವಿ.ಯೊಳಗೆ ಚೆಂಡು ಹಾರುತ್ತಿತ್ತು. ನಮ್ಮ ಜೊತೆಗೇ ಇದ್ದ ಅಕ್ಕನಿಗೆ ಆಗಲೇ ಮರೆವು. ಉಪ್ಪು ಹಾಕಿದ ಸಾರಿಗೇ ಮತ್ತೆ ಉಪ್ಪು ಹಾಕುತ್ತಿದ್ದಳು. ಆದರೆ ಅವಳದು ನಮ್ಮೂರು ದೇಶನೂರಿನ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿದ ಕೈ. ಸೆರಗು ಸಿಕ್ಕಿಸಿ, ರಿಮೋಟನ್ನೂ ತಲೆಯ ಮೇಲೆ ತಿರುಗಿಸಿಯೇ ಬೀಸುತ್ತಿದ್ದಳು. "ನನ್ನ ಪಾಳಿ ಬಿಡಾಂಗಿಲ್ಲ ಲೇ!" ಎಂದು ನನ್ನ ಮಕ್ಕಳನ್ನು ಗದರುತ್ತಿದ್ದಳು. ಯಾರು ಗೆದ್ದರೆಂದು ಮರುದಿನವೂ ಸರಿಯಾಗಿ ಹೇಳುತ್ತಿದ್ದಳು. ಸಾರೂ ನೆಟ್ಟಗಾಯಿತು.

ಮಗನಿಗೆ ಹೆಣ್ಣು ಕೊಡಲು ಸಿರುಗುಪ್ಪದಿಂದ ಬಂದ ಬೀಗರು, "ಮುದುಕಿ ಮೈಯಾಗ ದ್ಯಾವ್ರು ಬಂದಾರೇನ್ರಿ?" ಎಂದು ನಕ್ಕರು. ಮುದುಕಿ ಕೈ ಬೀಸಿದರೆ ಇವರ ಮಾನಕ್ಕೇನು ಕೊರತೆ? ಹಾಗೆ ಕೇಳುವ ಬದಲು ಅವರ ಹೊಸ ಕಾರಿಗೆ ಹೆದರಿ ನಾನೂ ನಕ್ಕೆ, ಹೇಡಿ! ಅವತ್ತೇ ಆಟವನ್ನು ಬೀರುವಿನಲ್ಲಿಟ್ಟು, ಕೆಟ್ಟಿದೆ ಎಂದು ಅಕ್ಕನಿಗೆ ಹೇಳಿದೆ.

"ರಿಪೇರಿ ಆತೇನೋ?" ಎಂದು ದಿನಾ ಸಂಜೆ ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನೇ ಬಿಟ್ಟಳು. ಬರುಬರುತ್ತಾ ನನ್ನ ಹೆಸರನ್ನೂ ಮರೆತಳು.

ಒಂದು ಸಂಜೆ ಅವಳ ಕೈ ಹಿಡಿದು ಹೇಳಿದೆ: "ಯಕ್ಕಾ, ಅದು ಕೆಟ್ಟಿರಲಿಲ್ಲ. ನಾನ ಮುಚ್ಚಿಟ್ಟಿದ್ನಿ. ನಂದು ತಪ್ಪಾತು."